ಸೇವಂತಿಗೆಯ ತೋಟಕ್ಕೆ ಯಾವ ಬಣ್ಣದ ಬೆಳಕು?

ಧರ್ಮಪುರಿ, ಸೇಲಂ ಜಿಲ್ಲೆಗಳ ಸೇವಂತಿಗೆ ಬೆಳೆಗಾರರಿಂದ ಪ್ರತಿವರ್ಷವೂ ಕೇಳಿಬರುವ ದೂರುಗಳು ಎರಡು: ಗೇಣುದ್ದ ಬೆಳೆಯುವ ಮೊದಲೇ ಗಿಡ ಮೊಗ್ಗುಕಟ್ಟಿ ಅಲ್ಲಿಗೇ ಕುಂಠಿತವಾಗುತ್ತದೆಂಬುದು ಒಂದು, ರಸ್ತೆಯ ದೀಪಸ್ತಂಭದ ಬಳಿಯ ಸಾಲುಗಳು ಹುಲುಸಾಗಿ ಬೆಳೆದರೂ ಹೂವಿನ ಸುಳಿವನ್ನೇ ತೋರವೆಂಬುದು ಇನ್ನೊಂದು. ಮೊದಲನೆಯದಕ್ಕೆ ಯೂರಿಯಾ ಸುರಿದು, ಎರಡನೆಯದಕ್ಕೆ ಅಂಗಡಿಯವನು ಕೊಟ್ಟ ಟಾನಿಕ್ ಸಿಂಪಡಿಸಿ ಹಣ ಕಳೆದುಕೊಳ್ಳುವವರು ಅರಿಯಬೇಕಾದುದೇನೆಂದರೆ, ಎರಡಕ್ಕೂ ಕಾರಣ ಗೊಬ್ಬರವಲ್ಲ, ಇರುಳಿನ ಕತ್ತಲೆ ಬೆಳಕುಗಳು.

ಸೇವಂತಿಗೆ ದೀರ್ಘರಾತ್ರಿಯಲ್ಲಿ ಮೊಗ್ಗುಕಟ್ಟುವ ಸಸ್ಯ. ನಮ್ಮ ಸೀಮೆಯಲ್ಲಿ ಅತಿದೀರ್ಘವಾದ ಹಗಲೂ 13 ಗಂಟೆಯನ್ನು ಮುಟ್ಟದಾದ್ದರಿಂದ ಎಳೆಯ ಗಿಡವೂ ಅಕಾಲದಲ್ಲಿ ಹೂವಿಗೆ ತಿರುಗುತ್ತದೆ. ನಡುರಾತ್ರಿಯಲ್ಲಿ ಬೆಳಕು ಬೀರಿ ಕತ್ತಲೆಯನ್ನು ತುಂಡರಿಸಿದರೆ ಹೂವಿಗೆ ತಿರುಗುವುದು ನಿಂತು, ಕಾಂಡ ನೀಳುತ್ತದೆ. ಹಾಗೆ ತುಂಡರಿಸುವ ಶಕ್ತಿ ಕೆಂಪು ಬೆಳಕಿಗಿರುವಷ್ಟು ನೀಲಿಗಿಲ್ಲ. ಕೆಂಪಿನ ಅಂಚಿನಾಚೆ ಕಣ್ಣಿಗೆ ಮಸುಕಾಗಿ ತೋರುವ ಬೆಳಕಾದರೋ ಕೆಂಪಿನ ಪರಿಣಾಮವನ್ನು ಅಳಿಸಿಹಾಕುತ್ತದೆಂದು 1952ರಲ್ಲಿಯೇ ಅಮೆರಿಕದ ಬೆಲ್ಟ್ಸ್‌ವಿಲ್‌ನ ವಿಜ್ಞಾನಿಗಳು ಲೆಟ್ಯೂಸ್ ಬೀಜಗಳ ಮೇಲೆ ಪ್ರಯೋಗಿಸಿ ತೋರಿಸಿದ್ದಾರೆ. ಶಾಸ್ತ್ರ ಇಷ್ಟು ಸಾಕು.

ಎಷ್ಟು ಹೇಳಿದರೂ ನಿಲ್ಲದ ಪ್ರಮಾದವೊಂದಿದೆ: ಕಣ್ಣು ಕೋರೈಸುವ ನೀಲಿಮಿಶ್ರಿತ ಬಿಳಿ ದೀಪವನ್ನು ಕೊಂಡುತಂದು, ಹತ್ತು ಹನ್ನೆರಡು ಅಡಿ ಎತ್ತರಕ್ಕೆ ಕಟ್ಟಿ, ಸಂಜೆ ಆರರಿಂದ ಎಂಟರವರೆಗೆ ಉರಿಸಿ ಆರಿಸಿಬಿಡುವುದು. ಎಂಟರಿಂದ ಬೆಳಗಿನ ಆರೂವರೆಯವರೆಗೆ ಹತ್ತೂವರೆ ಗಂಟೆಯ ಅಖಂಡ ಕತ್ತಲೆ ಉಳಿಯಿತಲ್ಲ, ಮೊಗ್ಗುಕಟ್ಟಲು ಅಷ್ಟೇ ಸಾಕು! ದೀಪವನ್ನು ತನ್ನ ಕಣ್ಣಿಗೆಂದು ಕೊಂಡರೆ ಗಿಡಕ್ಕೆ ಕೊಂಡಂತಾಗದು.

ಮಾಡಬೇಕಾದುದು ಹೀಗೆ. ಹಳದಿ ಛಾಯೆಯ, ಪೆಟ್ಟಿಗೆಯ ಮೇಲೆ 2700 ಕೆ ಎಂದು ಅಚ್ಚಾಗಿರುವ 9 ವ್ಯಾಟಿನ ಎಲ್‌ಇಡಿ ಬಲ್ಬನ್ನೇ ಆರಿಸಿರಿ. ಅದರಲ್ಲಿ ಕೆಂಪಿನ ಅಂಶ ಅಧಿಕ. ಗಿಡದ ತುದಿಯಿಂದ 5–6 ಅಡಿ ಮೇಲೆ, ಎತ್ತ ನೋಡಿದರೂ 8 ಅಡಿ ಅಂತರದಲ್ಲಿ ಕಟ್ಟಿದರೆ ಎಕರೆಗೆ ಸುಮಾರು 680 ಬಲ್ಬು ಬೇಕು. ಎಲೆಯ ಮಟ್ಟದಲ್ಲಿ ಬೆಳಕು 100 ಲಕ್ಸಿಗೆ ಕಡಿಮೆಯಾಗಬಾರದು. ನಾಟಿಯಾದ ದಿನದಿಂದಲೇ, ರಾತ್ರಿ 10ರಿಂದ 2ರವರೆಗೆ, ಒಂದು ರಾತ್ರಿಯೂ ತಪ್ಪದಂತೆ ಉರಿಸಬೇಕು. ಇದಕ್ಕೆ ಟೈಮರ್ ಹಾಕಿರಿ, ಆಳನ್ನು ನಂಬಬೇಡಿರಿ. ನಾಲ್ಕನೆಯ ವಾರ ಕುಡಿ ಚಿವುಟಿ, ಕವಲುಗಳು ಅರ್ಧ ಅಡಿ ನೀಳುವವರೆಗೆ ಮುಂದುವರಿಸಿ, ಅನಂತರ ಸಂಪೂರ್ಣವಾಗಿ ನಿಲ್ಲಿಸಿರಿ. ಹೆಕ್ಟೇರಿಗೆ 125:120:25 ಕಿಲೋ ಸಾರಜನಕ, ರಂಜಕ, ಪೊಟ್ಯಾಷ್‌ಗಳಲ್ಲಿ ಸಾರಜನಕದ ಅರ್ಧಭಾಗವನ್ನು ನಾಟಿಯಲ್ಲಿಯೂ ಉಳಿದರ್ಧವನ್ನು 30ನೆಯ ದಿನಕ್ಕೂ ಕೊಡುವ ಕ್ರಮದಲ್ಲಿ ಬದಲಾವಣೆಯಿಲ್ಲ.

ಊದಾಬಣ್ಣದ ದುಬಾರಿ ದೀಪಗಳು ಬಿಸಿಲು ಕಾಣದ ಕೋಣೆಯೊಳಗಿನ ಬೆಳೆಗಾಗಿ. ಬಯಲಿನ ತೋಟಕ್ಕೆ ಬೇಡ. ಸಹಾಯಧನದ ಮಾತನ್ನು ನಾನು ಎತ್ತುವುದಿಲ್ಲ, ಅದನ್ನೇ ಕಾದು ನಾಟಿಯ ಕಾಲವನ್ನು ಮೀರಿಸಿಕೊಂಡವರನ್ನು ಕಂಡಿದ್ದೇನೆ.

ದೀಪಸ್ತಂಭದ ಪಕ್ಕದ ಸಾಲುಗಳಿಗೆ ಔಷಧಿಯಿಲ್ಲ. ಆ ಬೆಳಕು ಗಿಡಕ್ಕೆ ತಾಕದಂತೆ ಕಪ್ಪು ಟಾರ್ಪಾಲಿನ ಮರೆಯನ್ನು ಎತ್ತರವಾಗಿ ಕಟ್ಟಿರಿ. ಅದಾಗದಿದ್ದರೆ ಇರುಳಿನ ಉದ್ದಕ್ಕೆ ಕಾಯದ ಟೊಮೇಟೊವನ್ನು ಆ ಪಟ್ಟಿಯಲ್ಲಿ ನೆಟ್ಟು, ಸೇವಂತಿಗೆಯನ್ನು ಒಳಕ್ಕೆ ಸರಿಸಿರಿ.