ಕೈಗೆ ಬಂದ ಕೆಲಸವನ್ನು ತೂಗಿ ನೋಡುವ ವಿಷಯ

ಅರಸೀಕೆರೆ, ಬೇಲೂರು, ಹಳೇಬೀಡು ಈ ಸೀಮೆಯ ಹಳ್ಳಿಗಳಲ್ಲಿ ಕೂಲಿನಾಲಿ ಮಾಡುವವರ ಮನೆಗಳಿಂದಲೂ ಈಗ ಇಂಜಿನಿಯರಿಂಗ್ ಪದವಿ ಪಡೆದ ಮಕ್ಕಳು ಹೊರಡುತ್ತಿದ್ದಾರೆ. 1960ನೆಯ ಇಸವಿಯಲ್ಲಿ ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾದದ್ದು ಇದಕ್ಕೆ ದೊಡ್ಡ ಕಾರಣವು. ತರುವಾಯ ಬೇರೆ ಕಾಲೇಜುಗಳೂ ಬಂದವು. ಓದಿಸುವ ಕಷ್ಟವನ್ನು ನಮ್ಮವರು ಬಲ್ಲರು. ಓದು ಮುಗಿದ ಮೇಲಣ ಕಷ್ಟವು ಹೊಸದಾದದರಿಂದ ಅದರ ವಿಷಯವಾಗಿ ಮನೆಯಲ್ಲಿ ಯೋಚನೆ ಹೇಳುವವರು ಕಡಿಮೆ. ಆದಕಾರಣ ಈ ತಿಂಗಳ ಪಾಠವನ್ನು ಅದಕ್ಕೆ ಮೀಸಲಿಟ್ಟಿದೆ.

ಸಂಗತಿ ಏನೆಂದರೆ, ಪದವಿ ಬಂದು ಆರೇಳು ತಿಂಗಳು ಕಳೆದ ಮೇಲೆ ಹುಡುಗನಿಗೆ ಒಂದು ಪತ್ರ ಬರುತ್ತದೆ. ಆ ಕೆಲಸವು ಪೂರಾ ಕೆಟ್ಟದ್ದಲ್ಲ, ಪೂರಾ ಒಳ್ಳೆಯದೂ ಅಲ್ಲ. ಓದಿದ್ದು ಯಂತ್ರಗಳ ರಚನೆ, ಕರೆದದ್ದು ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವದಕ್ಕೆ. ಸಂಬಳ ಕಡಿಮೆ, ಎರಡು ವರುಷ ಬಿಟ್ಟುಹೋಗಕೂಡದೆಂಬ ಕರಾರು ಬೇರೆ. ತಂದೆಯು, "ಸಿಕ್ಕಿದ್ದನ್ನು ಹಿಡಿದುಕೊಳ್ಳಪ್ಪಾ, ಮನೆಯಲ್ಲಿ ಕೂತು ಏನು ಮಾಡುತ್ತೀ?" ಅನ್ನುತ್ತಾನೆ. ಸೋದರಮಾವನು, "ಇಷ್ಟಕ್ಕೋಸ್ಕರವೇ ನಾಲ್ಕು ವರುಷ ಓದಿಸಿದ್ದು? ಇನ್ನೂ ಸ್ವಲ್ಪ ಕಾಯಲಿ ಭಾವಾ" ಅನ್ನುತ್ತಾನೆ. ತಾಯಿಯು ಸುಮ್ಮನಿರುತ್ತಾಳೆ, ಒಡವೆ ಗಿರವಿ ಇಟ್ಟಿರುವದು ಅವಳಿಗೆ ಮಾತ್ರ ನೆನಪು. ಇಬ್ಬರ ಮಾತಿನಲ್ಲಿಯೂ ಕೊಂಚ ನ್ಯಾಯವುಂಟು. ಆದರೆ ಇಬ್ಬರೂ ಪತ್ರವನ್ನು ಓದಿರುವದಿಲ್ಲ. ಮೊದಲು ಓದಬೇಕಾದದ್ದು ಅದನ್ನೇ.

ಪತ್ರದಲ್ಲಿ ಸಂಬಳದ ಲೆಕ್ಕವನ್ನು ಹೇಗೆ ನೋಡಬೇಕೆಂಬದಕ್ಕೆ ಒಂದು ಉದಾಹರಣೆಯನ್ನು ಕಟ್ಟಿಕೊಳ್ಳೋಣ. ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯವರು ವರುಷಕ್ಕೆ 2,40,000 ರೂಪಾಯಿ ಎಂದು ಬರೆದಿದ್ದಾರೆನ್ನಿರಿ. ಮನೆಯವರು ಅದನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 20,000 ಎಂದು ಸಂತೋಷಪಡುತ್ತಾರೆ. ಆದರೆ ಸಿ.ಟಿ.ಸಿ. ಎಂದು ಬರೆದಿರುವ ಮೊತ್ತವು ಆ ಮನುಷ್ಯನಿಗೋಸ್ಕರ ಕಂಪೆನಿಯು ಮಾಡುವ ಒಟ್ಟು ಖರ್ಚೇ ಹೊರತು ಕೈಗೆ ಬೀಳುವ ಹಣವಲ್ಲ. ಮೂಲವೇತನವು 10,000 ಆಗಿದ್ದರೆ, ಕಂಪೆನಿಯು ಭವಿಷ್ಯನಿಧಿಗೆ ನೂರಕ್ಕೆ 12ರ ಮೇರೆಗೆ ಕಟ್ಟುವ 1,200 ರೂಪಾಯಿ ಆ ಮೊತ್ತದೊಳಗೇ ಸೇರಿರುತ್ತದೆ. ಹುಡುಗನ ಪಾಲಿನ ಮತ್ತೊಂದು 1,200 ಸಂಬಳದಿಂದ ಮುರಿಯುತ್ತದೆ. ಗ್ರಾಚ್ಯುಯಿಟಿ ಎಂದು 480ರಷ್ಟು, ಇ.ಎಸ್.ಐ. ವಿಮೆಗೆ ಎರಡೂ ಪಾಲು ಕೂಡಿ 700ರಷ್ಟು ಹೋಗುತ್ತದೆ. ಉಳಿದು ಕೈಗೆ ಬರುವದು ಸುಮಾರು 16,400. ಭವಿಷ್ಯನಿಧಿಯ ಹಣವು ನಷ್ಟವಾದದ್ದಲ್ಲ, ಅದು ಅವನದೇ, ಇ.ಎಸ್.ಐ. ಕಾರ್ಡು ಕಾಯಿಲೆಯಲ್ಲಿ ಉಪಯೋಗಕ್ಕೆ ಬರುವದು. ಹೀಗಿದ್ದರೂ ತಿಂಗಳ ಬಾಡಿಗೆಯನ್ನು ಅವುಗಳಿಂದ ಕೊಡಲಾಗುವದಿಲ್ಲ.

ಆ 16,400ರಲ್ಲಿ ವಸತಿಗೂ ಊಟಕ್ಕೂ 8,000, ಬಸ್ಸು ಮೆಟ್ರೋಗಳಿಗೆ 1,500, ಫೋನು, ಬಟ್ಟೆ, ತಿಂಗಳಿಗೊಮ್ಮೆ ಊರಿಗೆ ಬಂದುಹೋಗುವ ಖರ್ಚು 1,500 ಎಂದು ತೆಗೆದರೆ 5,400 ನಿಲ್ಲುತ್ತದೆ. ಓದಿಗೆ ಬ್ಯಾಂಕಿನಲ್ಲಿ ಮೂರು ಲಕ್ಷ ಸಾಲ ತೆಗೆದಿದ್ದರೆ, ನೂರಕ್ಕೆ 11ರ ಬಡ್ಡಿಯಲ್ಲಿ ಏಳು ವರುಷಕ್ಕೆ ತೀರಿಸಬೇಕಾದ ಕಂತು ತಿಂಗಳಿಗೆ ಹತ್ತಿರ ಹತ್ತಿರ 5,140. ಉಳಿದದ್ದು 260 ರೂಪಾಯಿ! ಹಾಗಾದರೆ ಈ ಕೆಲಸವು ಸಾಲವನ್ನು ಹೊರುತ್ತದೆ, ಮನೆಯನ್ನು ಹೊರುವದಿಲ್ಲ. ಇದನ್ನು ತಂದೆಯು ಮೊದಲೇ ತಿಳಿದಿದ್ದರೆ, ಮೂರು ತಿಂಗಳಾದ ಮೇಲೆ "ಮಗನು ಹಣ ಕಳುಹಿಸುವದಿಲ್ಲ" ಎಂದು ನೊಂದುಕೊಳ್ಳನು. ಮಗನೂ ಸಾಲ ಮಾಡಿ ಕಳುಹಿಸುವ ಸುಳ್ಳು ಮರ್ಯಾದೆಗೆ ಬೀಳನು. ಪ್ರತಿಯೊಂದು ಮನೆಯ ಅಂಕೆಗಳು ಬೇರೆಯಾಗಿರುವವು. ಒಂದು ಸಂಜೆ ದೀಪ ಹಚ್ಚಿ ಕುಳಿತು ಆ ಅಂಕೆಗಳನ್ನು ಕಾಗದದ ಮೇಲೆ ಬರೆದು ನೋಡಬೇಕು.

ಇನ್ನು ಕರಾರಿನ ಮಾತು. ಇದರಲ್ಲಿ ನಮ್ಮ ಹಳ್ಳಿಯವರು ಎರಡು ವಿಧವಾಗಿ ತಪ್ಪುತ್ತಾರೆ. ಕೆಲವರು ಬಾಂಡ್ ಎಂಬ ಮಾತು ಕೇಳಿದ ಕೂಡಲೆ ಜೀತವೆಂದು ಹೆದರುತ್ತಾರೆ; ಕೆಲವರು "ಅದೆಲ್ಲಾ ಕೋರ್ಟಿನಲ್ಲಿ ನಿಲ್ಲುವದಿಲ್ಲ" ಎಂಬ ಸ್ನೇಹಿತರ ಮಾತನ್ನು ನಂಬಿ ಓದದೆ ರುಜು ಹಾಕುತ್ತಾರೆ. 1872ನೆಯ ಇಸವಿಯ ಕರಾರು ಕಾಯಿದೆಯ 27ನೆಯ ಕಲಮಿನ ಪ್ರಕಾರ ಒಬ್ಬನು ನ್ಯಾಯವಾದ ಉದ್ಯೋಗ ಮಾಡದಂತೆ ತಡೆಯುವ ಒಪ್ಪಂದವು ನಿರರ್ಥಕವು. ಆದದರಿಂದ ಒಂದು ಕಂಪೆನಿಯನ್ನು ಬಿಟ್ಟ ಮೇಲೆ ಮತ್ತೊಂದನ್ನು ಸೇರಲೇಕೂಡದೆಂಬ ಮಾತಿಗೆ ಬಲವಿಲ್ಲ. ಆದರೆ ಇಂತಿಷ್ಟು ಕಾಲ ಕೆಲಸದಲ್ಲಿರಬೇಕು, ಮುಂಚೆ ಬಿಟ್ಟರೆ ಇಂತಿಷ್ಟು ಹಣ ಕೊಡಬೇಕೆಂಬದು ಬೇರೆ ಸಂಗತಿ. ಮಂಗಳೂರಿನಲ್ಲಿ ಹುಟ್ಟಿ ತರುವಾಯ ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋದ ವಿಜಯಾ ಬ್ಯಾಂಕಿನ ಒಂದು ವ್ಯಾಜ್ಯದಲ್ಲಿ, ಮೂರು ವರುಷಕ್ಕೆ ಮುಂಚೆ ಬಿಟ್ಟರೆ ಎರಡು ಲಕ್ಷ ಕೊಡಬೇಕೆಂಬ ಕರಾರು ನ್ಯಾಯವಾದದ್ದೇ ಎಂದು ಸರ್ವೋಚ್ಚ ನ್ಯಾಯಾಲಯವು 2025ನೆಯ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಅದು ಸರಕಾರದ ಒಡೆತನದ ಬ್ಯಾಂಕು, ಅಧಿಕಾರಿಯ ಹುದ್ದೆ. ಪ್ರತಿಯೊಬ್ಬ ಸಣ್ಣ ಕಂಪೆನಿಯ ಪ್ರತಿಯೊಂದು ಬಾಂಡಿಗೂ ಅದೇ ಬೆಲೆ ಬರುವದೆಂದು ಹೇಳಕೂಡದು. ಅದೇ ಕಾಯಿದೆಯ 74ನೆಯ ಕಲಮು ಸಹ, ಕರಾರಿನಲ್ಲಿ ಬರೆದ ಮೊತ್ತವನ್ನು ಮೀರದಂತೆ ತಕ್ಕಷ್ಟು ಪರಿಹಾರವನ್ನು ಮಾತ್ರ ಕೊಡಿಸುತ್ತದೆ. ಹೀಗಿರಲಾಗಿ ಓದುವವನು ಮೂರು ಮಾತುಗಳನ್ನು ಹುಡುಕಬೇಕು: ಎಷ್ಟು ಕಾಲ, ಎಷ್ಟು ಹಣ, ಆ ಹಣಕ್ಕೆ ಬದಲಾಗಿ ಅವರು ಕಲಿಸುವದೇನು. ಕಲಿಸುವದು ಏನೂ ಇಲ್ಲದೆ ಕಟ್ಟಿಹಾಕುವದು ಮಾತ್ರ ಇದ್ದರೆ ನಾನು ಬೇಡವೆಂದೇ ಹೇಳುವೆನು.

ಎರಡು ಕಡೆಯಲ್ಲಿ ಮಾತ್ರ ತೂಗಿ ನೋಡುವ ಅಗತ್ಯವೇ ಇಲ್ಲ. ಕೆಲಸ ಕೊಡುವದಕ್ಕೆ ಮುಂಚೆ ಠೇವಣಿ, ತರಬೇತಿ ಶುಲ್ಕ, ಲ್ಯಾಪ್‌ಟಾಪಿನ ಹಣ ಎಂದು ಯಾವನಾದರೂ ಕೇಳಿದರೆ, ಅವನು ಕೆಲಸವನ್ನು ಕೊಡುವವನಲ್ಲ, ಮಾರುವವನು. ಅಂಕಪಟ್ಟಿ ಪದವಿಪತ್ರಗಳ ಮೂಲಪ್ರತಿಗಳನ್ನು ತಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳುತ್ತೇವೆ ಅಂದರೂ ಹಾಗೆಯೇ. ತೋರಿಸಿ ಹಿಂದಕ್ಕೆ ತರಬೇಕು. ನೇಮಕವನ್ನು ಬರಹದಲ್ಲಿ ಕೊಡದೆ ಬಾಯಿಮಾತಿನಲ್ಲಿ "ಬಾ, ನೋಡೋಣ" ಅನ್ನುವವರಿಗೆ, 2025ನೆಯ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಪತ್ರವನ್ನು ಕಡ್ಡಾಯ ಮಾಡಿವೆಯೆಂದು ವಿನಯದಿಂದ ಹೇಳಬಹುದು.

ಕಾಯುವದರ ಬೆಲೆಯನ್ನೂ ಲೆಕ್ಕಕ್ಕೆ ತರಬೇಕು. ಸೋದರಮಾವನು ಅದನ್ನು ಬಿಟ್ಟುಬಿಡುತ್ತಾನೆ. ಓದು ಮುಗಿದು ಸಾಮಾನ್ಯವಾಗಿ ಒಂದು ವರುಷವಾದ ಮೇಲೆ ಸಾಲದ ಕಂತು ಪ್ರಾರಂಭವಾಗುವದು. ಅಷ್ಟರವರೆಗೆ ಬಡ್ಡಿಯು ನಿದ್ದೆಮಾಡುವದಿಲ್ಲ. ಸರಕಾರಿ ಹುದ್ದೆಗೆ ಕಾಯುತ್ತೇನೆ ಅನ್ನುವವರು, 545 ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳ ಸಂಗತಿಯನ್ನು ನೆನಸಲಿ. ಅದರ ಪರೀಕ್ಷೆ 2021ನೆಯ ಅಕ್ಟೋಬರಿನಲ್ಲಿ ನಡೆಯಿತು. ಅಕ್ರಮ ಹೊರಬಿದ್ದು 2022ನೆಯ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ 2024ನೆಯ ಜನವರಿಯಲ್ಲಿ ಆಯಿತು. ಪ್ರಾಮಾಣಿಕವಾಗಿ ಓದಿ ಬರೆದವರೂ ಇಷ್ಟು ಕಾಲ ಕಾದರು. ದೊಡ್ಡ ಕಂಪೆನಿಯ ಪತ್ರ ಕೈಯಲ್ಲಿದೆ, ಕರೆಯುವ ತನಕ ಸುಮ್ಮನಿರುತ್ತೇನೆ ಅನ್ನುವದೂ ಭದ್ರವಲ್ಲ. 2022ರಲ್ಲಿ ಇನ್ಫೋಸಿಸ್ ಪತ್ರ ಪಡೆದವರಲ್ಲಿ ಅನೇಕರು ಸೇರುವದಕ್ಕೆ ಎರಡು ವರುಷದಷ್ಟು ಕಾಯಬೇಕಾಯಿತು. ಸೇರಿದ ಮೇಲೆ, ಒಳಪರೀಕ್ಷೆಯಲ್ಲಿ ಮೂರು ಸಾರಿ ತೇರ್ಗಡೆಯಾಗಲಿಲ್ಲವೆಂದು 300ಕ್ಕೆ ಮೇಲ್ಪಟ್ಟ ಹೊಸಬರನ್ನು 2025ನೆಯ ಫೆಬ್ರವರಿಯಲ್ಲಿ ಮೈಸೂರಿನ ಶಿಕ್ಷಣಕೇಂದ್ರದಿಂದ ಕಳುಹಿಸಿಬಿಟ್ಟರು. ದೊಡ್ಡ ಹೆಸರನ್ನು ನಂಬಿ ಸಣ್ಣ ಕೆಲಸವನ್ನು ಬಿಟ್ಟವರ ಗತಿಯನ್ನು ಬಲ್ಲವರು ನಮ್ಮ ಸುತ್ತಿನಲ್ಲಿಯೂ ಇರಬಹುದು.

ಹಾಗಾದರೆ ಕಾಯುವದಕ್ಕೆ ಆಸರೆ ಏನೂ ಇಲ್ಲವೋ? ಉಂಟು. ರಾಜ್ಯ ಸರಕಾರವು 2024ನೆಯ ಜನವರಿ 12ರಂದು ಶಿವಮೊಗ್ಗದಲ್ಲಿ ಪ್ರಾರಂಭಿಸಿದ ಯುವನಿಧಿ ಯೋಜನೆಯು, ಪದವಿಯಾಗಿ ಆರು ತಿಂಗಳವರೆಗೂ ಕೆಲಸ ಸಿಕ್ಕದವರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರುಷ ಕೊಡುವಂತೆ ಏರ್ಪಟ್ಟಿತು. ಕೆಲಸ ಸಿಕ್ಕಿದೊಡನೆ ನಿಲ್ಲುವದು. ಇದು ಅರ್ಜಿ ಹಾಕಿ ಊರೂರು ತಿರುಗುವ ಬಸ್ಸಿನ ಖರ್ಚಿಗೆ ಸಾಕು, ಜೀವನಕ್ಕಲ್ಲ. ಇದಕ್ಕಿಂತ ಉತ್ತಮವಾದ ನಡುದಾರಿ ಅಪ್ರೆಂಟಿಸ್ ತರಬೇತಿಯೆಂದು ನನ್ನ ಅಭಿಪ್ರಾಯವು. 1961ನೆಯ ಇಸವಿಯ ಅಪ್ರೆಂಟಿಸ್ ಕಾಯಿದೆಯನ್ನು 1973ರಲ್ಲಿ ತಿದ್ದಿ ಇಂಜಿನಿಯರಿಂಗ್ ಪದವೀಧರರನ್ನೂ ಅದರಲ್ಲಿ ಸೇರಿಸಿದರು. ಬೆಂಗಳೂರಿನ ಎಚ್.ಎ.ಎಲ್., ಬಿ.ಇ.ಎಲ್. ಮೊದಲಾದ ಕಾರ್ಖಾನೆಗಳು ಒಂದು ವರುಷ ತರಬೇತಿ ಕೊಟ್ಟು, ವೇತನವನ್ನೂ ಕಡೆಯಲ್ಲಿ ಪ್ರಮಾಣಪತ್ರವನ್ನೂ ಕೊಡುತ್ತವೆ. ಅಲ್ಲಿಯೇ ಕಾಯಂ ಮಾಡಿಕೊಳ್ಳಬೇಕೆಂಬ ಕಟ್ಟುಪಾಡು ಅವರಿಗಿಲ್ಲ. ಅದನ್ನು ತಿಳಿದೇ ಹೋಗಬೇಕು. ವಿಚಿತ್ರವೇನಂದರೆ, ನಮ್ಮವರು ಅಪ್ರೆಂಟಿಸ್ ಎಂಬ ಹೆಸರಿಗೆ ನಾಚಿಕೊಂಡು, ಹೆಸರಿಗೆ ಮಾತ್ರ ಇಂಜಿನಿಯರ್ ಎಂದು ಬರೆದ ಕೆಲಸಕ್ಕೆ ಓಡುತ್ತಾರೆ.

ಈಗ ಮುಖ್ಯವಾದ ಸಂಗತಿಗೆ ಬರೋಣ. ಅಸಂಪೂರ್ಣವಾದ ಕೆಲಸವನ್ನು ತೂಗುವಾಗ ಸಂಬಳಕ್ಕಿಂತಲೂ, ಅಲ್ಲಿ ಎರಡು ವರುಷ ಇದ್ದ ಮೇಲೆ ಕೈಗೆ ಏನು ಬಂದಿರುವದು ಎಂದು ಕೇಳಬೇಕು. ಬಿಡಿಭಾಗಗಳನ್ನು ಅಳೆಯುವ ಕೆಲಸವು ಕೀಳಾದದ್ದಲ್ಲ. ಎಲ್ಲಿ ತಪ್ಪಾಯಿತು, ಯಾಕೆ ತಪ್ಪಾಯಿತು ಎಂದು ಹುಡುಕುವವನು ಯಂತ್ರವನ್ನು ರಚಿಸುವವನಿಗಿಂತ ಒಂದೊಂದು ಸಾರಿ ಹೆಚ್ಚು ಕಲಿಯುವನು. ಸಿವಿಲ್ ಓದಿದ ಬೇಲೂರಿನ ಕಡೆಯ ಹುಡುಗನಿಗೆ ಗುತ್ತಿಗೆದಾರನು ಬಿಸಿಲಿನಲ್ಲಿ ನಿಂತು ಮಟ್ಟ ನೋಡಿ ಅಳತೆಪುಸ್ತಕ ಬರೆಯುವ ಕೆಲಸ ಕೊಟ್ಟರೆ, ಅದು ನಿಜವಾದ ವಿದ್ಯೆಯು. ಅದೇ ಹುಡುಗನನ್ನು ಫೋನಿನಲ್ಲಿ ಸಾಮಾನು ಮಾರುವದಕ್ಕೆ ಕೂರಿಸಿದರೆ, ಎರಡು ವರುಷವಾದ ಮೇಲೆ ಅವನ ಪದವಿಯು ಎರಡು ವರುಷ ಹಳೆಯದಾಗಿರುವದು, ಅಷ್ಟೇ.

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1883ರಲ್ಲಿ ಪುಣೆಯಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, 1884ರಲ್ಲಿ ಮುಂಬಯಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರಾಗಿ ಸೇರಿದರು. ಮೊದಮೊದಲ ಕೆಲಸಗಳಲ್ಲಿ ಒಂದು, ಖಾನದೇಶದಲ್ಲಿ ಒಂದು ಹಳ್ಳದ ಅಡಿಯಲ್ಲಿ ನೀರಿನ ಕೊಳವೆ ಹಾಯಿಸುವದು. ಸ್ವಂತ ಊರಿಂದ ಬಹುದೂರ, ಮಳೆಗಾಲ, ಮೇಲಧಿಕಾರಿಯ ಗದರಿಕೆ ಬೇರೆ. ಆ ಕೆಲಸವನ್ನು ಯಾರೂ ಉತ್ತಮವೆನ್ನಲಾರರು. ನೀರಿನ ವಿದ್ಯೆಯು ಅವರಿಗೆ ಅಂಥ ಕಡೆಗಳಲ್ಲಿಯೇ ಕೈಗೆ ಹತ್ತಿತು. ಇನ್ನೊಂದು ಸಂಗತಿಯನ್ನೂ ನೋಡಿರಿ. ಅವರನ್ನು 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿ ಕರೆದಾಗ ಕೂಡಲೆ ಒಪ್ಪಿಕೊಳ್ಳಲಿಲ್ಲ. ಕೈಗಾರಿಕೆಗೂ ತಾಂತ್ರಿಕ ಶಿಕ್ಷಣಕ್ಕೂ ಸಂಸ್ಥಾನದಲ್ಲಿ ಅವಕಾಶ ಸಿಕ್ಕುವದೋ ಎಂದು ವಿಚಾರಿಸಿ, ಭರವಸೆ ದೊರೆತ ಮೇಲೆ ಬಂದರು. ಪ್ರಾಯದಲ್ಲಿ ಬಂದದ್ದನ್ನು ಕೈಕೊಂಡವರೇ ಅನುಭವವಾದ ಮೇಲೆ ಪ್ರಶ್ನೆ ಕೇಳಿದರು. ಆದರೆ ನಮ್ಮ ಹುಡುಗರೂ ಕೇಳಕೂಡದೆಂದು ಇದರ ಅರ್ಥವಲ್ಲ. ಕೇಳುವದು ಉದ್ಧಟತನವೆಂದು ಹಳ್ಳಿಯಲ್ಲಿ ನಾವು ಅವರಿಗೆ ಚಿಕ್ಕಂದಿನಿಂದ ಕಲಿಸಿದ್ದೇವೆ, ಅದನ್ನು ಮರೆಯಿಸಬೇಕು. ತರಬೇತಿ ಎಷ್ಟು ದಿನ, ಯಾವ ವಿಭಾಗ, ಖಾಯಂ ಆಗುವದು ಯಾವಾಗ, ಬಿಡುವದಾದರೆ ಎಷ್ಟು ದಿನದ ನೋಟೀಸು, ಯೋಚಿಸುವದಕ್ಕೆ ನಾಲ್ಕು ದಿನ ಕೊಡುವಿರೋ ಎಂದು ಕೇಳಿದರೆ ಯೋಗ್ಯರಾದ ಯಾರೂ ಕೋಪಿಸಿಕೊಳ್ಳರು. ಹೆಣ್ಣುಮಕ್ಕಳಾದರೆ ರಾತ್ರಿಪಾಳಿ ಉಂಟೋ, ವಾಹನ ಕೊಡುವರೋ ಎಂಬದನ್ನು ಸೇರುವ ಮುಂಚೆಯೇ ಕೇಳಬೇಕು. ತಂದೆತಾಯಿಗಳು ಈ ಭಯದಿಂದ ಒಳ್ಳೆಯ ಕೆಲಸವನ್ನೇ ತಪ್ಪಿಸಿಬಿಡುವದುಂಟು. ಒಂದು ದಿನ ಮಗಳ ಸಂಗಡ ಹೋಗಿ ವಸತಿಗೃಹವನ್ನೂ ದಾರಿಯನ್ನೂ ಕಣ್ಣಾರೆ ನೋಡಿ ಬರುವದು ಮನೆಯಲ್ಲಿ ಕೂತು ಬೇಡವೆನ್ನುವದಕ್ಕಿಂತ ಮೇಲು.

ಬೇಲೂರಿನ ಗುಡಿಯನ್ನು ನೋಡಿದವರು ಅಲ್ಲಿ ಕೆಲವು ವಿಗ್ರಹಗಳ ಕೆಳಗೆ ಸಣ್ಣ ಅಕ್ಷರಗಳನ್ನು ಕಂಡಿರಬಹುದು. 1117ನೆಯ ಇಸವಿಯಲ್ಲಿ ವಿಷ್ಣುವರ್ಧನನು ಅದನ್ನು ಪ್ರತಿಷ್ಠಿಸಿದನು. ಕೆಲಸ ಮಾಡಿದ ಶಿಲ್ಪಿಗಳಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ತಮ್ಮ ಕೆಲಸದ ಮೇಲೆಯೇ ಕೆತ್ತಿದ್ದಾರೆ. ಬಳ್ಳಿಗಾವೆಯಿರುವದು ಈಗಿನ ಶಿಕಾರಿಪುರ ತಾಲ್ಲೂಕಿನಲ್ಲಿ. ಪರ ಊರಿಗೆ ಕೆಲಸಕ್ಕೆ ಬಂದವರು ಅವರು. ಪೂಜೆಯ ಮಾತು ಇಲ್ಲಿ ನಮ್ಮ ವಿಷಯವಲ್ಲ, ಕೈಕೆಲಸದ ಮಾತು. ಈಗಿನ ಹುಡುಗನೂ, ಚಿಕ್ಕ ಕೆಲಸವನ್ನೇ ಒಪ್ಪಿಕೊಂಡರೂ, ಇದು ನಾನು ಮಾಡಿದ್ದು ಎಂದು ತೋರಿಸಬಹುದಾದದ್ದನ್ನು ತಿಂಗಳು ತಿಂಗಳು ಬರೆದಿಟ್ಟುಕೊಳ್ಳಲಿ: ಯಾವ ಯಂತ್ರ ಕಲಿತೆನು, ಯಾವ ದೋಷವನ್ನು ಕಂಡುಹಿಡಿದೆನು, ಅದರಿಂದ ಎಷ್ಟು ಸಾಮಾನು ಉಳಿಯಿತು. ಕಂಪೆನಿಯ ಗುಟ್ಟಿನ ನಕ್ಷೆಗಳನ್ನು ಮಾತ್ರ ಹೊರಗೆ ತರಕೂಡದು. ಮುಂದಿನ ಕೆಲಸಕ್ಕೆ ಹೋಗುವಾಗ ಅಂಕಪಟ್ಟಿಗಿಂತ ಈ ಪುಸ್ತಕವೇ ಹೆಚ್ಚು ಮಾತಾಡುವದು.

ಮೇಲೆ ಹೇಳಿದ ಉದಾಹರಣೆಯ ಹುಡುಗನಿಗೆ ನಾನು ಏನು ಹೇಳುವೆನೆಂದರೆ: ಸಾಲದ ಕಂತು ಬಾಗಿಲಿಗೆ ಬಂದಿದೆ, ಅಳತೆಯ ಕೆಲಸವು ಅವನ ವಿದ್ಯೆಗೆ ಹತ್ತಿರವಾದದ್ದು, ಹಣವನ್ನು ಯಾರೂ ಕೇಳಿಲ್ಲ, ಬಾಂಡನ್ನು ಒಂದು ವರುಷಕ್ಕೆ ಇಳಿಸುವಿರೋ ಎಂದು ಕೇಳಿ, ಇಳಿಸಿದರೆ ಸೇರಲಿ. ಇಳಿಸದಿದ್ದರೆ, ತರಬೇತಿ ನಿಜವಾಗಿ ಕೊಡುತ್ತಾರೋ ಎಂದು ಅಲ್ಲಿ ಈಗಾಗಲೇ ಇರುವ ಇಬ್ಬರನ್ನು ವಿಚಾರಿಸಿ ತೀರ್ಮಾನಿಸಲಿ. ಸಾಲವಿಲ್ಲದ, ಮನೆಯಲ್ಲಿ ತೆಂಗಿನ ತೋಟವಿರುವ ಹುಡುಗನಿಗೆ ನಾನು ಇದೇ ಮಾತು ಹೇಳಲಾರೆನು. ಅವನು ಇನ್ನೂ ಆರು ತಿಂಗಳು ಕಾದು, ಆ ಹೊತ್ತಿನಲ್ಲಿ ಒಂದು ಹೊಸ ವಿದ್ಯೆಯನ್ನು ಕಲಿತರೆ ನಷ್ಟವಿಲ್ಲ.

ಒಪ್ಪಿದರೂ ಒಪ್ಪದಿದ್ದರೂ ಅವರು ಹೇಳಿದ ದಿನದೊಳಗೆ ಬರಹದಲ್ಲಿ ಉತ್ತರ ಕೊಡಬೇಕು. ಎರಡು ಕಡೆ ಒಪ್ಪಿಕೊಂಡು, ಸೇರುವ ದಿನ ಒಂದು ಕಡೆ ಸುಮ್ಮನೆ ಹೋಗದೆ ಇರುವದು ಈಗ ಬಹಳ ಕಡೆ ಸಾಮಾನ್ಯವಾಗಿದೆ; ಆ ಕಾಲೇಜಿನ ಮುಂದಿನ ವರುಷದ ಮಕ್ಕಳು ಅದರ ಫಲವನ್ನು ಉಣ್ಣುತ್ತಾರೆ. ನಿರಾಕರಿಸುವ ಪತ್ರವು ನಾಲ್ಕೇ ಸಾಲು ಇರಲಿ: ವಂದನೆ, ಬರಲಾಗುವದಿಲ್ಲವೆಂಬ ಮಾತು, ಚಿಕ್ಕ ಕಾರಣ, ರುಜು. ಒಪ್ಪಿಕೊಂಡರೆ, ನೇಮಕಪತ್ರದ ಮತ್ತು ರುಜು ಹಾಕಿದ ಕರಾರಿನ ಒಂದೊಂದು ಪ್ರತಿಯನ್ನು ಅರಸೀಕೆರೆಯ ರೈಲು ಹತ್ತುವ ಮುಂಚೆ ಮನೆಯ ಪೆಟ್ಟಿಗೆಯಲ್ಲಿ ಇಡಬೇಕು. ಇಡುವ ಮುಂಚೆ ತಂದೆತಾಯಿಗಳಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಬೇಕು.