ಪಾಯದ ಮಣ್ಣು ಮರದ ಬುಡಕ್ಕೆ ಬೇಡ

ತೋಟದಲ್ಲಿ ಮನೆಗೆ ಪಾಯ ತೆಗೆದಾಗ, ಕೃಷಿ ಹೊಂಡ ತೋಡಿಸಿದಾಗ ಬಂದ ಮಣ್ಣನ್ನು ಹತ್ತಿರದ ಮಾವಿನ ಮರದ ಬುಡಕ್ಕೆ ಸುರಿಸುವುದುಂಟು. ಜಾಗವೂ ಉಳಿಯಿತು, ಮರಕ್ಕೂ ಮಣ್ಣಾಯಿತು ಎಂಬ ಲೆಕ್ಕ. ಮರ ಕೂಡಲೇ ಬಾಡುವುದಿಲ್ಲ, ಹಾಗಾಗಿ ಲೆಕ್ಕ ತಪ್ಪಿದ್ದು ಗೊತ್ತಾಗಲು ಎಷ್ಟೋ ಸಲ ಎರಡು ಮೂರು ವರ್ಷವೇ ಬೇಕು. ರೆಂಬೆಗಳು ತುದಿಯಿಂದ ಒಣಗುತ್ತವೆ, ಎಲೆ ಸಣ್ಣದಾಗುತ್ತದೆ, ಹೂ ಬಂದರೂ ಕಾಯಿ ನಿಲ್ಲುವುದಿಲ್ಲ. ಆಗ ರೋಗವೆಂದುಕೊಂಡು ಔಷಧಿಗೆ ದುಡ್ಡು ಸುರಿಯುತ್ತೇವೆ. ಬುಡದ ಮಣ್ಣು ನೆನಪಿಗೇ ಬರುವುದಿಲ್ಲ.

ಆಹಾರ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ, ನೆರಳಿನ ಅಂಚನ್ನೂ ದಾಟಿ ಹರಡಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಮೇಲೆ ಜೇಡಿಮಣ್ಣು ಬಿದ್ದು, ಅದರ ಮೇಲೆ ಜೆಸಿಬಿ, ಟ್ರ್ಯಾಕ್ಟರ್ ಓಡಾಡಿದರೆ ಮಣ್ಣು ಗಟ್ಟಿಯಾಗಿ ಬೇರು ಉಸಿರುಗಟ್ಟುತ್ತದೆ. ಕಾಂಡದ ತೊಗಟೆ ಸದಾ ತೇವ ತಡೆಯದು, ಹೂತರೆ ಕೊಳೆಯುತ್ತದೆ. ಗಾರೆ, ಸಿಮೆಂಟು ಚೂರು ಬೆರೆತಿದ್ದರಂತೂ ಮಣ್ಣಿನ ಕ್ಷಾರ ಹೆಚ್ಚಿ ಬೇರಿಗೆ ಕಬ್ಬಿಣ, ಸತು ಸಿಗುವುದಿಲ್ಲ. ಎಳೆಯ ಎಲೆಯಲ್ಲಿ ನರ ಮಾತ್ರ ಹಸಿರಾಗಿದ್ದು ನಡುವೆ ಹಳದಿಯಾದರೆ ಈ ಅನುಮಾನ ಇರಲಿ.

ಅಡಿಕೆಗೆ ಹೊಸ ಮಣ್ಣು ಹಾಕುವುದಿಲ್ಲವೇ ಎಂದು ಮಲೆನಾಡಿನವರು ಕೇಳಬಹುದು. ಅಡಿಕೆ, ತೆಂಗಿನ ಬೊಡ್ಡೆಯಿಂದ ಹೊಸ ಬೇರು ಹೊರಡುತ್ತಲೇ ಇರುತ್ತದೆ. ಮಣ್ಣು ಹಾಕುವುದೂ ತೆಳುವಾಗಿ. ಮಾವು, ಹಲಸು, ಹುಣಸೆಗೆ ಆ ಅನುಕೂಲವಿಲ್ಲ. ಹಲಸಂತೂ ಬುಡದಲ್ಲಿ ನೀರು ನಿಂತರೆ ತಾಳದು.

ದೊಡ್ಡ ಮರದ ಬುಡ ನೆಲಕ್ಕೆ ತಾಗುವಲ್ಲಿ ಅಗಲವಾಗಿರಬೇಕು. ನೆಟ್ಟ ಕಂಬದ ಹಾಗೆ ನೇರವಾಗಿ ಇಳಿದಿದ್ದರೆ ಬುಡ ಹೂತಿದೆ. ಕಸಿ ಮಾವಿನಲ್ಲಿ ಕಸಿಗಂಟು ಮಣ್ಣಿನ ಮೇಲೆ ಕಾಣಬೇಕು.

ಮಣ್ಣು ಬಿದ್ದು ಕೆಲವೇ ವಾರಗಳಾಗಿದ್ದರೆ ಹಳೆಯ ನೆಲದ ಮಟ್ಟದವರೆಗೂ ತೆಗೆಸಿ. ಹಳೆಯ ಹುಲ್ಲು, ತರಗೆಲೆಯ ಪದರ ಕಂಡಲ್ಲಿಗೆ ನಿಲ್ಲಿಸಿ. ಬುಡದ ಹತ್ತಿರ ಜೆಸಿಬಿ ಬೇಡ, ಸಲಿಕೆಯೇ ಸರಿ. ವರ್ಷಗಳೇ ಕಳೆದಿದ್ದರೆ ಹೊಸ ಮಣ್ಣಿಗೂ ಬೇರು ಬಂದಿರಬಹುದು. ಮೊದಲು ಕಾಂಡದ ಸುತ್ತ ಬಿಡಿಸಿ, ಉಳಿದದ್ದನ್ನು ಹಂತ ಹಂತವಾಗಿ, ಬಿರುಬೇಸಿಗೆ ಬಿಟ್ಟು ತೆಗೆಯಿರಿ. ಕೊಳೆತ ತೊಗಟೆ ಕೆರೆದು ಬೋರ್ಡೋ ಮುಲಾಮು ಬಳಿಯಿರಿ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು. ಕಬ್ಬಿಣದ ಪಾತ್ರೆಯಲ್ಲಿ ಕಲಸಬೇಡಿ. ಕಾಂಡದ ಸುತ್ತ ಕಲ್ಲಿನ ಕಟ್ಟೆ ಕಟ್ಟಿ ಹೊರಗೆಲ್ಲ ಮಣ್ಣು ತುಂಬಿಸುವುದನ್ನು ಹಲವರು ಪರಿಹಾರವೆಂದು ನಂಬಿದ್ದಾರೆ. ಅದರಿಂದ ತೊಗಟೆ ಉಳಿದೀತು, ಬೇರು ಉಳಿಯದು.

ಜೆಸಿಬಿ ಬರುವ ಹಿಂದಿನ ದಿನವೇ ಮರದ ನೆರಳಿನ ಅಂಚಿಗೆ ಗೂಟ ಹೊಡೆದು ಹಗ್ಗ ಕಟ್ಟಿ. ಮಣ್ಣು ಎಲ್ಲಿ ಹಾಕಬೇಕೆಂದು ಚಾಲಕರಿಗೆ ನೀವೇ ನಿಂತು ತೋರಿಸಿ.