ಚೀಟಿ ಕೈಗೆ ಬಾರದೆ ಕೌಂಟರ್ ಬಿಡಬೇಡಿ

ನನ್ನ ತಂಗಿ ಮಗಳ ಸ್ಕಾಲರ್‌ಶಿಪ್‌ಗೆಂದು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟಿದ್ದಳು. ‘ಇಟ್ಟು ಹೋಗಮ್ಮಾ, ಆದಾಗ ಹೇಳ್ತೀವಿ’ ಎಂದರಂತೆ. ಮೂರು ವಾರ ಬಿಟ್ಟು ನಾನೂ ಜೊತೆಗೆ ಹೋದೆ. ರೇಷನ್ ಕಾರ್ಡಿನ ಜೆರಾಕ್ಸ್ ಸಮೇತ ಅರ್ಜಿ ಮೇಜಿನ ಮೇಲಿನ ಕಟ್ಟಿನಲ್ಲೇ ಇತ್ತು, ಅಂಚು ಮುದುರಿತ್ತು. ಕಂಪ್ಯೂಟರಿಗೆ ಏರಿಯೇ ಇರಲಿಲ್ಲ. ಅಂದರೆ ಸರ್ಕಾರದ ಲೆಕ್ಕದಲ್ಲಿ ಅವಳು ಅರ್ಜಿ ಹಾಕಿರಲೇ ಇಲ್ಲ.

ಇದನ್ನು ತಪ್ಪಿಸಲೆಂದೇ ಬಂದದ್ದು, ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಬೇಕೆನ್ನುವ ‘ಸಕಾಲ’ ಯೋಜನೆ. 2011ರ ಕಾಯ್ದೆಯಡಿ 2012ರ ಏಪ್ರಿಲ್ 2ರಂದು 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯದಲ್ಲಿ ಜಾರಿಯಾಯಿತು. ಆಮೇಲೆ ಸೇವೆಗಳ ಪಟ್ಟಿ ಬಹಳ ಬೆಳೆದಿದೆ. ನಮ್ಮ ಆಡಳಿತದಲ್ಲಾದ ದೊಡ್ಡ ಸುಧಾರಣೆಗಳಲ್ಲಿ ಇದೂ ಒಂದು ಎಂದು ನಂಬಿದವನು ನಾನು. ಆದರೆ ಅರ್ಜಿಗೆ ನಂಬರು ಬಿದ್ದರೆ ಮಾತ್ರ ಅದರ ಬಲ ನಿಮಗೆ ಸಿಗುವುದು.

ಮೊದಲು ಮನೆಯಲ್ಲಿರುವ ಹಳೆಯ ಪತ್ರ ತೆಗೆದು ನೋಡಿ. ಆದಾಯ ಪ್ರಮಾಣಪತ್ರಕ್ಕೆ 5 ವರ್ಷದ ಮಾನ್ಯತೆ ಇದೆ, ಅವಧಿ ಉಳಿದಿದ್ದರೆ ಓಡಾಟವೇ ಬೇಡ. ಹೊಸದು ಬೇಕಿದ್ದರೆ ನಾಡಕಚೇರಿಯಲ್ಲಾಗಲಿ ಗ್ರಾಮ ಒನ್ ಕೇಂದ್ರದಲ್ಲಾಗಲಿ ಅರ್ಜಿ ಕೊಡಿ.

ಅರ್ಜಿ ಕೊಟ್ಟ ಕೂಡಲೇ ಸ್ವೀಕೃತಿ ಚೀಟಿ ಕೇಳಿ. ಅದರಲ್ಲಿ 15 ಅಕ್ಷರ–ಅಂಕಿಗಳ ನಂಬರು ಇರುತ್ತದೆ. ಕಂದಾಯ ಇಲಾಖೆಯ ಪ್ರಮಾಣಪತ್ರಗಳಲ್ಲಿ ಅದು ‘ಆರ್‌ಡಿ’ ಎಂದು ಶುರುವಾಗುತ್ತದೆ; ಕಾಲೇಜು ಮಕ್ಕಳು ‘ಆರ್‌ಡಿ ನಂಬರ್’ ಅನ್ನುವುದು ಇದಕ್ಕೇ. ಹೆಸರು, ತಂದೆಯ ಹೆಸರು, ಯಾವ ಸೇವೆ, ಯಾವ ದಿನದೊಳಗೆ ಕೊಡಬೇಕು ಎಂಬುದನ್ನೆಲ್ಲ ಕೌಂಟರಿನ ಮುಂದೆಯೇ ಓದಿ. ಒಂದಕ್ಷರ ತಪ್ಪಿದ್ದರೂ ಅಲ್ಲೇ ತಿದ್ದಿಸಿ. ಪ್ರಮಾಣಪತ್ರ ಬಂದ ಮೇಲೆ ತಿದ್ದಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ, ಬಿಸಿಲಿಗೆ ಆ ಅಕ್ಷರ ಮಾಸುತ್ತದೆ. ‘ಸರ್ವರ್ ಡೌನ್, ನಾಳೆ ಬನ್ನಿ’ ಎಂದರೆ ಅರ್ಜಿಯನ್ನು ಅಲ್ಲಿ ಬಿಟ್ಟು ಬರಬೇಡಿ, ಕೈಯಲ್ಲಿ ಹಿಡಿದೇ ವಾಪಸ್ ಬನ್ನಿ.

ಅರ್ಜಿ ಎಲ್ಲಿಗೆ ಬಂತೆಂದು ಅದೇ ನಂಬರು ಹಾಕಿ ಸಕಾಲ ಜಾಲತಾಣದಲ್ಲಿ ನೋಡಬಹುದು. ತಿರಸ್ಕರಿಸಿದ್ದರೆ ಕಾರಣವನ್ನು ಬರವಣಿಗೆಯಲ್ಲೇ ಕೇಳಿ ಪಡೆಯಿರಿ.

ಗಡುವು ಮೀರಿದರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಿ. 30 ದಿನದೊಳಗೆ ಸಲ್ಲಿಸಬೇಕು, ಸುಮ್ಮನೆ ಕಾಯುತ್ತಾ ಕೂರಬೇಡಿ. ಅದಕ್ಕೆ ವಕೀಲರು ಬೇಕಿಲ್ಲ. ಬಿಳಿ ಹಾಳೆಯಲ್ಲಿ ನಂಬರು, ಅರ್ಜಿ ಕೊಟ್ಟ ದಿನ, ಗಡುವಿನ ದಿನ ಬರೆದು, ಚೀಟಿಯ ಪ್ರತಿ ಲಗತ್ತಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರವನ್ನೂ ಅದರಲ್ಲೇ ಕೇಳಿ. ಮೊತ್ತ ಸಣ್ಣದೆಂದು ಬಿಡಬೇಡಿ: ಆ ಹಣ ತಡ ಮಾಡಿದವರ ಸಂಬಳದಿಂದ ಕಡಿತವಾಗುತ್ತದೆ.

ತಂಗಿ ಮತ್ತೆ ಅರ್ಜಿ ಕೊಟ್ಟಳು, ಈ ಸಲ ಚೀಟಿ ಕೈಗೆ ಬರುವವರೆಗೆ ಬೆಂಚು ಬಿಟ್ಟು ಏಳಲಿಲ್ಲ. ಪ್ರಮಾಣಪತ್ರ ಗಡುವಿಗೆ ಮೊದಲೇ ಬಂತು.